ಗೋಡೆಯ ಭೂಪಟ ಸುಳ್ಳು ಹೇಳುತ್ತದೆಯೇ? ಗ್ರೀನ್‌ಲ್ಯಾಂಡ್ ನಿಜಕ್ಕೂ ಎಷ್ಟು ದೊಡ್ಡದು?

‘ಶಾಲೆಯಲ್ಲಿ ನೋಡಿದ ಪ್ರಪಂಚ ಭೂಪಟ ಸುಳ್ಳು, ಅದು ಯುರೋಪಿನವರು ಮಾಡಿದ ಮೋಸ’ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಇದು ಅರ್ಧ ನಿಜ, ಅರ್ಧ ತಪ್ಪು.

ನಿಜ ಯಾವುದು?

ಅನೇಕ ಗೋಡೆ ಭೂಪಟಗಳಲ್ಲಿ, ಮೊಬೈಲ್ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಆದರೆ ಗ್ರೀನ್‌ಲ್ಯಾಂಡಿನ ವಿಸ್ತೀರ್ಣ ಸುಮಾರು 21.7 ಲಕ್ಷ ಚದರ ಕಿ.ಮೀ., ಆಫ್ರಿಕಾದ್ದು ಸುಮಾರು 3 ಕೋಟಿ ಚದರ ಕಿ.ಮೀ. ಅಂದರೆ ಆಫ್ರಿಕಾ 14 ಪಟ್ಟು ದೊಡ್ಡದು. ಸುಮಾರು 32.87 ಲಕ್ಷ ಚದರ ಕಿ.ಮೀ. ಇರುವ ನಮ್ಮ ಭಾರತ ಕೂಡ ಗ್ರೀನ್‌ಲ್ಯಾಂಡಿನ ಒಂದೂವರೆ ಪಟ್ಟು ಇದೆ!

ತಪ್ಪು ಯಾವುದು?

ಇದು ಮೋಸವಲ್ಲ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಈ ಭೂಪಟವನ್ನು ರಚಿಸಿದ್ದು ನಾವಿಕರಿಗಾಗಿ. ದಿಕ್ಸೂಚಿಯ ಒಂದೇ ದಿಕ್ಕಿನಲ್ಲಿ ಸಾಗುವ ಹಡಗಿನ ದಾರಿ ಇದರಲ್ಲಿ ನೇರ ಗೆರೆಯಾಗಿ ಬರುತ್ತದೆ. ಆ ಅನುಕೂಲಕ್ಕಾಗಿ ಧ್ರುವಗಳತ್ತ ಹೋದಂತೆ ಎಲ್ಲವನ್ನೂ ಹಿಗ್ಗಿಸಬೇಕಾಯಿತು. ಚನ್ನಗಿರಿ ತಾಲ್ಲೂಕಿನ ನಲ್ಲೂರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸಮಭಾಜಕ ವೃತ್ತಕ್ಕೆ ಹೋಲಿಸಿದರೆ ಅಲ್ಲಿ ವಿಸ್ತೀರ್ಣ ಹಿಗ್ಗುವುದು ಶೇ 6ರಷ್ಟು ಮಾತ್ರ. 60 ಡಿಗ್ರಿಯಲ್ಲಿ ಅದು 4 ಪಟ್ಟು! ಯಾರೂ ಆಳದ ಅಂಟಾರ್ಕ್ಟಿಕಾ ಕೂಡ ಹೀಗೆಯೇ ಹಿಗ್ಗಿದೆ.

ಸರಿಯಾದ ಭೂಪಟ ಮಾಡಲಾಗದೇ?

ಮೋಸಂಬಿ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ಮಕ್ಕಳಿಗೆ ಹೇಳಿ. ಆಗುವುದಿಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗಲೂ ಇದೇ ತೊಂದರೆ. ಗಾಲ್-ಪೀಟರ್ಸ್ ಭೂಪಟ ವಿಸ್ತೀರ್ಣವನ್ನು ಸರಿಯಾಗಿ ತೋರಿಸುತ್ತದೆ, ಆದರೆ ಖಂಡಗಳ ಆಕಾರ ಕೆಡುತ್ತದೆ.

ತರಗತಿಯಲ್ಲಿ ಏನು ಮಾಡಬಹುದು?

1. ಗ್ಲೋಬ್ ಮೇಲೆ ತೆಳುವಾದ ಕಾಗದವಿಟ್ಟು ಗ್ರೀನ್‌ಲ್ಯಾಂಡಿನ ಗಡಿ ಬರೆಸಿ. ಕತ್ತರಿಸಿ ಆಫ್ರಿಕಾದ ಮೇಲಿಡಿ. ವ್ಯತ್ಯಾಸ ಮಕ್ಕಳಿಗೇ ಕಾಣುತ್ತದೆ.

2. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗ್ಲೋಬ್ ಮೇಲೆ ದಾರ ಎಳೆದು ಬಿಗಿ ಹಿಡಿಸಿ. ಅತಿ ಹತ್ತಿರದ ದಾರಿ ಉತ್ತರ ಧ್ರುವದ ಕಡೆಗೆ ಬಾಗಿ ಹಾಯುತ್ತದೆ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ವಿಮಾನ ತಂದದ್ದು ಧ್ರುವದ ಮೇಲಿನಿಂದಲೇ. ಗೋಡೆಯ ಭೂಪಟ ನೋಡಿದರೆ ಈ ದಾರಿ ಹೊಳೆಯುವುದೇ ಇಲ್ಲ.

ತೀರ್ಮಾನ

ಭೂಪಟವನ್ನು ಗೋಡೆಯಿಂದ ತೆಗೆಯಬೇಕಿಲ್ಲ. ಯಾವ ದೇಶ ಎಲ್ಲಿದೆ ಎಂದು ತಿಳಿಯಲು ಅದೇ ಸುಲಭ. ಗಾತ್ರ, ದೂರ ಹೋಲಿಸುವಾಗ ಮಾತ್ರ ಗ್ಲೋಬ್ ಮುಂದಿಡಿ. ‘ಭೂಪಟವೇ ಮೋಸ’ ಎನ್ನುವ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸುವ ಬದಲು ಮಕ್ಕಳ ಕೈಗೆ ಒಂದು ಮೋಸಂಬಿ ಕೊಡಿ.