ಕರಗದ ಉಪ್ಪು ಎಷ್ಟು ಕರಗುತ್ತದೆ?

ಬೆಳ್ಳಿಯ ಶುದ್ಧತೆ ಅಳೆಯಲು 1832ರಲ್ಲಿ ಗೇ-ಲ್ಯೂಸಾಕ್ ಪ್ಯಾರಿಸ್ ಟಂಕಸಾಲೆಗೆ ಹೊಸ ವಿಧಾನವೊಂದನ್ನು ಕೊಟ್ಟ. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅಡುಗೆ ಉಪ್ಪಿನ ದ್ರಾವಣವನ್ನು ಅಳೆದಳೆದು ಹಾಕಬೇಕು. ಸಿಲ್ವರ್ ಕ್ಲೋರೈಡಿನ ಬಿಳಿ ಗಸಿ ಬೀಳುವುದು ನಿಂತರೆ ಲೆಕ್ಕ ಮುಗಿಯಿತು. ಹಾಗೆ ಮುಗಿಯುವುದಿಲ್ಲವೆಂದು 1859ರಲ್ಲಿ ತೋರಿಸಿದವನು ಡಚ್ ರಸಾಯನವಿಜ್ಞಾನಿ ಮುಲ್ಡರ್. ಬೆಳ್ಳಿಯೂ ಉಪ್ಪೂ ಸರಿಸಮನಾದ ಹಂತದ ತಿಳಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಬೆಳ್ಳಿಯ ದ್ರಾವಣವನ್ನೂ ಇನ್ನೊಂದಕ್ಕೆ ಉಪ್ಪಿನ ದ್ರಾವಣವನ್ನೂ ಹನಿಸಿದರೆ ಎರಡೂ ಮಸುಕಾಗುತ್ತವೆ! ಅಂದರೆ ತಿಳಿಯಲ್ಲಿ ಬೆಳ್ಳಿಯೂ ಇದೆ, ಕ್ಲೋರೈಡೂ ಇದೆ. ಆದರೂ ಅವು ತಾವಾಗಿ ಕೂಡಿ ತಳ ಸೇರುತ್ತಿಲ್ಲ. ಕರಗದ ಲವಣಗಳ ಕರಗುವಿಕೆಯ ಕತೆ ಶುರುವಾಗುವುದು ಇಲ್ಲಿಂದಲೇ ಎಂದು ನನ್ನ ಎಣಿಕೆ. ನಮ್ಮ ಪಠ್ಯಪುಸ್ತಕಗಳು ಮಾತ್ರ ನೇರ ಸೂತ್ರಕ್ಕೇ ಹಾರುತ್ತವೆ.

ಉತ್ತರಕ್ಕೆ ಮೂವತ್ತು ವರ್ಷ ಕಾಯಬೇಕಾಯಿತು. ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ 1864ರಲ್ಲಿ ರಾಸಾಯನಿಕ ಸಮತೋಲದ ನಿಯಮವನ್ನು ಮಂಡಿಸಿದರು. ದ್ರಾವಣದಲ್ಲಿ ಲವಣ ಅಯಾನುಗಳಾಗಿ ಒಡೆದಿರುತ್ತದೆಂದು 1887ರಲ್ಲಿ ಅರೇನಿಯಸ್ ವಾದಿಸಿದ. ಇವೆರಡನ್ನೂ ಬೆಸೆದವನು ನೆರ್ನ್ಸ್ಟ್. ಸಂತೃಪ್ತ ದ್ರಾವಣದಲ್ಲಿ ಅಯಾನುಗಳ ಸಾರತೆಗಳ ಗುಣಲಬ್ಧ ಸ್ಥಿರ ಎಂದು 1889ರಲ್ಲಿ ಅವನು ಹೇಳಿದ. ಸಿಲ್ವರ್ ಕ್ಲೋರೈಡಿಗೆ 25 ಡಿಗ್ರಿಯಲ್ಲಿ ಅದು ಸುಮಾರು 1.8×10⁻¹⁰. ಲೀಟರಿಗೆ ಎರಡು ಮಿಲಿಗ್ರಾಂನಷ್ಟು ಕರಗಿದರೆ ಹೆಚ್ಚು. ಮುಲ್ಡರನ ತಿಳಿಗೆ ಈ ಎರಡರಲ್ಲಿ ಯಾವ ಅಯಾನನ್ನು ಸೇರಿಸಿದರೂ ಗುಣಲಬ್ಧ ಮಿತಿ ದಾಟುತ್ತದೆ, ಗಸಿ ಬೀಳುತ್ತದೆ.

ಇಷ್ಟು ಅಂದವಾದ ಸೂತ್ರ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟಿನ ಮುಂದೆ ಸೋಲುತ್ತದೆ. ಗುಣಲಬ್ಧದ ವರ್ಗಮೂಲ ತೆಗೆದರೆ ಲೀಟರ್ ನೀರಿನಲ್ಲಿ ಒಂದು ಗ್ರಾಂ ಜಿಪ್ಸಂ ಕೂಡ ಕರಗಬಾರದು. ಕರಗುವುದು ಸುಮಾರು ಎರಡೂವರೆ ಗ್ರಾಂ. ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ ಅವುಗಳ ಪರಿಣಾಮಕಾರಿ ಸಾರತೆ ನಿಜವಾದ ಸಾರತೆಗಿಂತ ಕಡಿಮೆಯಿರುತ್ತದೆ. ಅದನ್ನು ಲೂಯಿಸ್ 1907ರಲ್ಲೇ ಲೆಕ್ಕಕ್ಕೆ ತಂದಿದ್ದ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಅದಕ್ಕೆ ಸಿದ್ಧಾಂತದ ಬುನಾದಿ ಹಾಕಿದರು. ಕ್ಯಾಲ್ಸಿಯಂ, ಸಲ್ಫೇಟುಗಳು ಒಂದಿಷ್ಟು ಜೋಡಿಯಾಗಿಯೇ ಓಡಾಡುತ್ತವೆ ಎಂಬುದನ್ನು ವಿವರಿಸಲು 1926ರ ಬೆರುಮ್ ಸಿದ್ಧಾಂತ ನೆರವಾಯಿತು. ಕ್ಷೇತ್ರ ಬೆಳೆದದ್ದು ಸೂತ್ರದಿಂದಲ್ಲ, ಅದರ ತಪ್ಪುಗಳಿಂದ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಈ ತಿದ್ದುಪಡಿಗಳನ್ನೆಲ್ಲ ಕೈಯಲ್ಲಿ ಲೆಕ್ಕ ಹಾಕುವುದು ತಲೆನೋವು. ಗ್ಯಾರಲ್ಸ್ ಮತ್ತು ಥಾಂಪ್ಸನ್ 1962ರಲ್ಲಿ ಸಮುದ್ರದ ನೀರಿಗೆ ಹಾಗೆ ಮಾಡಿ ತೋರಿಸಿದರು. ಮುಂದೆ ಆ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು. ಅಂಥ ಲೆಕ್ಕ ಕೋಲಾರ, ಪಾವಗಡದ ಕೊಳವೆಬಾವಿಗಳಿಗೂ ಬೇಕು. ಅಲ್ಲಿನ ಫ್ಲೋರೈಡ್ ಬಂಡೆಯ ಹಲವು ಖನಿಜಗಳಿಂದ ಬರಬಹುದು, ಆದರೆ ಅದು ಏರಬಹುದಾದ ಮಿತಿಯನ್ನು ನಿರ್ಧರಿಸುವುದು ಕ್ಯಾಲ್ಸಿಯಂ ಫ್ಲೋರೈಡ್. ಲೀಟರಿನಲ್ಲಿ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಸರಳ ಸೂತ್ರದ ಪ್ರಕಾರ ಫ್ಲೋರೈಡ್ ಮೂರೂವರೆ ಮಿಲಿಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ. ಕ್ಯಾಲ್ಸಿಯಂ 4ಕ್ಕೆ ಇಳಿದರೆ ಫ್ಲೋರೈಡ್ 11ರವರೆಗೂ ಏರಬಲ್ಲದು. ಕುಡಿಯುವ ನೀರಿಗೆ ನಮ್ಮಲ್ಲಿ ಗರಿಷ್ಠ ಮಿತಿ 1.5. ಬೈಕಾರ್ಬನೇಟ್ ಹೆಚ್ಚಿರುವ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಮೊದಲೇ ತಳ ಸೇರಿಬಿಡುತ್ತದೆ. ಫ್ಲೋರೈಡನ್ನು ಹಿಡಿದಿಡಬೇಕಾದ ಕ್ಯಾಲ್ಸಿಯಂ ಹೀಗೆ ಇನ್ನೊಂದು ಲವಣದ ಪಾಲಾಗುತ್ತದೆ.