ಪಹಣಿಗೆ ಯಾವ ಬಾಗಿಲು?

ಯಲಬುರ್ಗಾದ ರೈತನೊಬ್ಬನಿಗೆ ಪಹಣಿ ಬೇಕು ಅಂದ್ಕೊಳ್ಳಿ. ಇವತ್ತು ಅವನ ಮುಂದೆ ತಾಲ್ಲೂಕಿನ ಭೂಮಿ ಕೇಂದ್ರ ಇದೆ, ನಾಡಕಚೇರಿ ಇದೆ, ಗ್ರಾಮ ಒನ್ ಇದೆ, ಕೈಯಲ್ಲಿ ಮೊಬೈಲೂ ಇದೆ. ಯಾವ ಬಾಗಿಲು ತಟ್ಟೋದು ಅಂತ ಯೋಚಿಸೋ ಭಾಗ್ಯ ಅವನಪ್ಪನಿಗೆ ಇರಲಿಲ್ಲ. ಅಜ್ಜನದ್ದಂತೂ ಕೇಳಲೇಬೇಡಿ.

ಅಜ್ಜನ ಕಾಲಕ್ಕೆ ಕೊಪ್ಪಳ, ಯಲಬುರ್ಗಾ ಎರಡೂ ನಿಜಾಮರ ಸಂಸ್ಥಾನದೊಳಗಿನ ಸಾಲಾರ್ ಜಂಗ್ ಜಹಗೀರು. ಕಚೇರಿಯ ಭಾಷೆ ಉರ್ದು, ಹೊಲದ ಭಾಷೆ ಕನ್ನಡ. ನಡುವೆ ಬರೆದು ಕೊಡೋನು, ಓದಿ ಹೇಳೋನು ಒಬ್ಬ ಬೇಕೇ ಬೇಕಿತ್ತು. ಊರಿನ ಲೆಕ್ಕ ಕುಲಕರ್ಣಿಯ ಕೈಯಲ್ಲಿ. 1948ರಲ್ಲಿ ನಿಜಾಮರ ಆಳ್ವಿಕೆ ಮುಗೀತು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರ್ತು, 1963ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳೂ ರದ್ದಾದವು. ಕುಲಕರ್ಣಿ ಹೋಗಿ ಗ್ರಾಮಲೆಕ್ಕಿಗ ಬಂದ. ಆದರೆ ಪುಸ್ತಕ ಮಾತ್ರ ಒಬ್ಬನ ಬಗಲಲ್ಲೇ ಉಳೀತು! ಜಿಲ್ಲಾಧಿಕಾರಿಯನ್ನೇ ಕಾಣಬೇಕು ಅಂದ್ರೆ ರಾಯಚೂರಿಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ.

ಆಮೇಲೆ ಬಂತು ಭೂಮಿ ಯೋಜನೆ. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಸಿಗ್ತಿತ್ತು. ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಇದು ಹಬ್ಬ. ಪುಸ್ತಕ ಬಗಲಿಂದ ಕೆಳಗಿಳೀತು, ಲಂಚದ ದಾರಿ ಕಿರಿದಾಯ್ತು, ನಿಜ. ಆದರೆ ನೋಡಿ, ಊರಲ್ಲೇ ಸಿಗ್ತಿದ್ದ ಕಾಗದಕ್ಕೆ ಈಗ ತಾಲ್ಲೂಕಿಗೆ ಬಸ್ಸು ಹತ್ತಬೇಕು. ಬಸ್ ಚಾರ್ಜು, ಚಹಾ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ದಿನದ ಕೂಲಿ. ಆ 15 ರೂಪಾಯಿ ಲೆಕ್ಕದಲ್ಲಿ ಇದ್ಯಾವುದೂ ಇಲ್ಲ.

ಹಾಗಾಗಿ ಸರ್ಕಾರವೇ ಕೆಳಗಿಳಿದು ಬಂತು. ಹೋಬಳಿಗೆ ನೆಮ್ಮದಿ ಕೇಂದ್ರ, 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ, ಅದೇ ವರ್ಷ ಗಡುವು ಕಟ್ಟಿದ ಸಕಾಲ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಅಂತ ಕಾನೂನೇ ಹೇಳ್ತು. 2022ರಲ್ಲಿ ಗ್ರಾಮ ಒನ್.

ಇಷ್ಟೆಲ್ಲ ಇದ್ದರೂ ಜನ ಯಾವುದನ್ನ ಆರಿಸ್ತಾರೆ? ಹತ್ತಿರದ್ದನ್ನೇ ಅಂತೇನಿಲ್ಲ, ಅಗ್ಗದ್ದನ್ನೂ ಅಲ್ಲ ಅಂತ ನನ್ನ ಅನಿಸಿಕೆ. ಒಂದೇ ಸಲಕ್ಕೆ ಕೆಲಸ ಮುಗಿಸಿ ಕಳಿಸೋ ಕಡೆ ಹೋಗ್ತಾರೆ. ಕಾಲುವೆ ನೀರಿರೋ ಗಂಗಾವತಿಯ ಭತ್ತದ ಬೆಳೆಗಾರನಿಗೆ ಒಂದು ಸಲ ಹೆಚ್ಚು ಓಡಾಡೋದು ದೊಡ್ಡದಲ್ಲ. ಮಳೆ ನಂಬಿದ ಕುಷ್ಟಗಿಯ ಕೂಲಿಯವನಿಗೆ ಎರಡನೇ ಸಲ ಹೋಗೋದು ಅಂದ್ರೆ ಆ ದಿನ ಒಲೆ ಉರಿಯೋದು ಅನುಮಾನ.

2023ರ ಜುಲೈನಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗಿನ ಸಾಲು ನೆನಪಿದೆಯಾ? ಸರ್ವರ್ ಒಂದು ಕಡೆ ಕೈಕೊಟ್ಟಿತ್ತು. ಇನ್ನೊಂದು ಕಡೆ, ಎಷ್ಟೋ ಹೆಣ್ಣುಮಕ್ಕಳ ಆಧಾರ್‌ಗೆ ಜೋಡಿಸಿದ ನಂಬರು ಗಂಡನದ್ದು. ಆಕೆ ಕುಷ್ಟಗಿಯ ಕೌಂಟರ್ ಮುಂದೆ ನಿಂತಿದ್ದರೆ, ಓಟಿಪಿ ಮಂಗಳೂರಿನಲ್ಲಿ ಗಾರೆ ಕೆಲಸದಲ್ಲಿರೋ ಗಂಡನ ಜೇಬಿಗೆ ಹೋಗಿ ಬೀಳ್ತಿತ್ತು.