ಕ್ರಮವಿಧಿಗಳ ಉಗ್ರಾಣ: ಬಲ ಮತ್ತು ದೌರ್ಬಲ್ಯ

ಪ್ರಯೋಗದ ದಾಖಲೆ ಪುಸ್ತಕದಲ್ಲಿ ತಪ್ಪು ಅಂಕಿಯನ್ನು ಅಳಿಸಬಾರದು, ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವಷ್ಟೆ. ಗಣಕದ ಕ್ರಮವಿಧಿಗೂ ಇಂಥ ದಾಖಲೆ ಬೇಕು. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರೆಂದು ತಿಳಿಯದಿದ್ದರೆ ನೂರಾರು ಜನ ಸೇರಿ ಒಂದು ತಂತ್ರಾಂಶವನ್ನು ಬೆಳೆಸಲಾಗದು.

1999ರಲ್ಲಿ ಆರಂಭವಾದ ಸೋರ್ಸ್‌ಫೋರ್ಜ್, ಮುಕ್ತ ತಂತ್ರಾಂಶಗಳಿಗೆ ಅಂತರಜಾಲದಲ್ಲಿ ಉಚಿತ ನೆಲೆ ಒದಗಿಸಿತು. ಆಗಿನ ಬಳಕೆಯ ವ್ಯವಸ್ಥೆಯಲ್ಲಿ ತಿದ್ದುಪಡಿಗಳ ಪೂರ್ಣ ಇತಿಹಾಸ ಇರುತ್ತಿದ್ದುದು ಕೇಂದ್ರದ ಗಣಕದಲ್ಲಿ ಮಾತ್ರ. ಇತ್ತ ಲಿನಕ್ಸ್ ತಂಡ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಉಚಿತವಾಗಿ ಬಳಸುತ್ತಿತ್ತು. 2005ರಲ್ಲಿ ಆ ಸವಲತ್ತು ನಿಂತಾಗ ಲಿನಸ್ ಟೊರ್ವಾಲ್ಡ್ಸ್ 'ಗಿಟ್' ರಚಿಸಿದರು. ಇದರಲ್ಲಿ ಪ್ರತಿ ಪಡೆದ ಎಲ್ಲರ ಗಣಕದಲ್ಲೂ ಇಡೀ ಇತಿಹಾಸ ಇರುತ್ತದೆ.

2008ರಲ್ಲಿ ಬಂದ ಗಿಟ್‌ಹಬ್ ಇದರ ಮೇಲೆ ಸಹಯೋಗದ ಸೌಲಭ್ಯಗಳನ್ನು ಕಟ್ಟಿತು. ಅಪರಿಚಿತರೂ ಕ್ರಮವಿಧಿಯ ಪ್ರತಿ ಪಡೆದು, ತಿದ್ದಿ, ಅದನ್ನು ಸೇರಿಸಿಕೊಳ್ಳಿರೆಂದು ಕೋರಬಹುದು. ಮೂಲ ಕರ್ತೃಗಳು ಪರಿಶೀಲಿಸಿ ನಿರ್ಧರಿಸುತ್ತಾರೆ. ಎಂ87 ಗ್ಯಾಲಕ್ಸಿಯ ಕೃಷ್ಣವಿವರದ ಚಿತ್ರ 2019ರಲ್ಲಿ ಪ್ರಕಟವಾಯಿತು. ಅದಕ್ಕೆ ಬಳಸಿದ ಕ್ರಮವಿಧಿಗಳಲ್ಲೊಂದನ್ನು ನೀವೂ ಅಲ್ಲಿ ಓದಿ ಪರೀಕ್ಷಿಸಬಹುದು. ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇಕೆ?

ಹಾಗಾದರೆ ದೌರ್ಬಲ್ಯವೆಲ್ಲಿ? 2017ರ ಜನವರಿ 31ರಂದು ಇಂಥದೇ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಎಂಜಿನಿಯರರೊಬ್ಬರು ತಪ್ಪು ಸರ್ವರ್‌ಗೆ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಗಿಗಾಬೈಟ್ ದತ್ತಸಂಚಯದ ಬಹುಪಾಲು ಮಾಯವಾಯಿತು. ಬ್ಯಾಕಪ್ ಏರ್ಪಾಡುಗಳಲ್ಲಿ ಹಲವು ಕೆಲಸವನ್ನೇ ಮಾಡುತ್ತಿರಲಿಲ್ಲ! ಅದೃಷ್ಟವಶಾತ್ ಸುಮಾರು ಆರು ಗಂಟೆ ಮುಂಚೆ ತೆಗೆದ ಪ್ರತಿಯೊಂದು ಉಳಿದಿತ್ತು. ಕ್ರಮವಿಧಿಗಳಿಗೆ ಧಕ್ಕೆಯಾಗಲಿಲ್ಲ. ಆದರೆ ಆ ಆರು ಗಂಟೆಗಳಲ್ಲಿ ಜನ ಬರೆದ ದೋಷವರದಿಗಳೂ ಟಿಪ್ಪಣಿಗಳೂ ಮರಳಲಿಲ್ಲ.

ಇಲ್ಲಿ ಗಮನಿಸಿ. ಗಿಟ್ ಎಲ್ಲರಿಗೂ ಹಂಚುವುದು ಕ್ರಮವಿಧಿಯನ್ನು ಮತ್ತು ಅದರ ಇತಿಹಾಸವನ್ನು. ಅದರ ಸುತ್ತ ನಡೆದ ಚರ್ಚೆ ಉಳಿಯುವುದು ತಾಣದ ಒಡೆಯರ ಬಳಿ. ಅವರು ಬಾಗಿಲು ಮುಚ್ಚಬಹುದು: 2006ರಲ್ಲಿ ತೆರೆದ ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಅವರ ದೇಶದ ಕಾನೂನು ಅಡ್ಡ ಬರಬಹುದು: ಅಮೆರಿಕದ ನಿರ್ಬಂಧಗಳಿಂದಾಗಿ ಇರಾನಿನ ಬಳಕೆದಾರರು 2019ರಲ್ಲಿ ಗಿಟ್‌ಹಬ್‌ನ ಹಲವು ಸೌಲಭ್ಯ ಕಳೆದುಕೊಂಡರು, ಅವು ಮರಳಿದ್ದು 2021ರಲ್ಲಿ.

ಆದ್ದರಿಂದ ನಿಮ್ಮ ಕ್ರಮವಿಧಿಗಳನ್ನು ಧಾರಾಳವಾಗಿ ಅಲ್ಲಿಡಿ. ಪೂರ್ಣ ಪ್ರತಿಯೊಂದನ್ನು ನಿಮ್ಮ ಕಾಲೇಜಿನ ಗಣಕದಲ್ಲೂ ಇರಿಸಿ. ಏಕೆ ತಿದ್ದಿದಿರಿ ಎಂಬುದನ್ನು ಗಿಟ್‌ನಲ್ಲಿ ಪ್ರತಿ ತಿದ್ದುಪಡಿಯ ಜೊತೆಗೇ ಎರಡು ಸಾಲು ಬರೆಯಿರಿ. ತಾಣ ಮುಚ್ಚಿದರೂ ಆ ಸಾಲುಗಳು ಕ್ರಮವಿಧಿಯೊಡನೆ ಉಳಿಯುತ್ತವೆ, ದಾಖಲೆ ಪುಸ್ತಕದ ಗೆರೆಯ ಪಕ್ಕದ ಬರಹದಂತೆ.